ಬ್ರೆಡ್‌ಬೋರ್ಡ್ ಮೇಲೆ ಆಂಪ್ಲಿಫೈಯರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ಭಾಗಗಳನ್ನು ತೂತಿಗೆ ಸಿಕ್ಕಿಸುವ ಬೋರ್ಡ್) ಮೇಲೆ ಆಂಪ್ಲಿಫೈಯರ್ ಕಟ್ಟಿ ಪರೀಕ್ಷಿಸುವ ಬಗ್ಗೆಯೇ ಇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರ ಬರೆದಿದ್ದೇವೆ. ಬೇರೆ ಹೇಳದಿದ್ದರೆ ಎಲ್ಲ ಲೆಕ್ಕವೂ 9 ವೋಲ್ಟ್ ಡಿಸಿಗೆ ಅನ್ವಯ. ಕಿಲೋಓಮ್ ಎನ್ನುವುದನ್ನು ಎಲ್ಲರೂ ಆಡುವಂತೆ ‘ಕೆ’ ಎಂದಷ್ಟೇ ಬರೆದಿದೆ.

ಪ್ರಶ್ನೆ: ಎಲೆಕ್ಟ್ರಾನಿಕ್ಸ್ ಕಲಿಯಲು ಈಗಷ್ಟೇ ಶುರು ಮಾಡಿದ್ದೇನೆ. ಮೊದಲ ಆಂಪ್ಲಿಫೈಯರ್ ಯಾವುದನ್ನು ಕಟ್ಟಲಿ? ನೇರವಾಗಿ ಐಸಿಯಿಂದಲೇ ಆರಂಭಿಸಬಹುದೇ? ಯಾವ ಯಾವ ಭಾಗ ಬೇಕು?

ಉತ್ತರ: ಐಸಿ (ಇಡೀ ಸರ್ಕ್ಯೂಟನ್ನೇ ಒಳಗೆ ಅಡಗಿಸಿಕೊಂಡ ಚಿಪ್) ಹಾಕಿದರೆ ಬೇಗ ಸದ್ದು ಬರುತ್ತದೆ, ನಿಜ. ಆದರೆ ಸದ್ದು ಬಾರದ ದಿನ ಎಲ್ಲಿ ಹುಡುಕಬೇಕೆಂದು ತಿಳಿಯುವುದಿಲ್ಲ. ಒಂದೇ ಟ್ರಾನ್ಸಿಸ್ಟರಿನ ಕಾಮನ್ ಎಮಿಟರ್ (ಸಿಗ್ನಲ್ ಬೇಸ್ ಕಾಲಿಗೆ ಹೋಗಿ ಕಲೆಕ್ಟರ್ ಕಾಲಿನಿಂದ ಹೊರಬರುವ) ಸರ್ಕ್ಯೂಟಿನಿಂದ ಶುರು ಮಾಡಿ. ಅದರ ಯಾವ ಬಿಂದುವಿನಲ್ಲಿ ಎಷ್ಟು ವೋಲ್ಟ್ ಇರಬೇಕೆಂದು ಕಟ್ಟುವ ಮೊದಲೇ ಕಾಗದದ ಮೇಲೆ ಬರೆದಿಡಬಹುದು. ಕಟ್ಟಿದ ಮೇಲೆ ಮೀಟರ್ ಹಿಡಿದು ತಾಳೆ ನೋಡಬಹುದು. ಈ ಅಭ್ಯಾಸ ಕೈಗೆ ಹತ್ತಿದರೆ ಮುಂದಿನ ಸರ್ಕ್ಯೂಟುಗಳು ತಾವಾಗಿ ದಾರಿಗೆ ಬರುತ್ತವೆ.

ಭಾಗಗಳು: ಬಿಸಿ547 ಟ್ರಾನ್ಸಿಸ್ಟರ್ ಒಂದು, ಕೈಯಲ್ಲಿ ಇನ್ನೆರಡು ಹೆಚ್ಚುವರಿ. ರೆಸಿಸ್ಟರ್‌ಗಳು 47ಕೆ, 10ಕೆ, 4.7ಕೆ, 1ಕೆ ಮತ್ತು 100 ಓಮ್, ಎಲ್ಲವೂ ಕಾಲು ವಾಟಿನವು. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು 10 ಮೈಕ್ರೋಫ್ಯಾರಡ್ ಎರಡು, 100 ಮೈಕ್ರೋಫ್ಯಾರಡ್ ಎರಡು, 16 ವೋಲ್ಟ್ ಅಥವಾ ಅದಕ್ಕಿಂತ ಮೇಲಿನವು. 0.1 ಮೈಕ್ರೋಫ್ಯಾರಡ್ ಸೆರಾಮಿಕ್ ನಾಲ್ಕಾರು ಇರಲಿ, ಅವು ಯಾವಾಗಲೂ ಬೇಕಾಗುತ್ತವೆ.

ವೈರ್ ಒಂದೇ ಎಳೆಯದ್ದಾಗಿರಬೇಕು, ಸುಮಾರು 0.6 ಮಿಲಿಮೀಟರ್ ದಪ್ಪ. ಹಲವು ಎಳೆಗಳ ವೈರನ್ನು ಹೊಸೆದು ತುರುಕಿದರೆ ಒಂದೆರಡು ಎಳೆ ಮಡಚಿ ಪಕ್ಕದ ಕಾಲಿಗೆ ತಾಗುತ್ತದೆ. ದಪ್ಪ ಕಾಲಿನ ಪವರ್ ಡಯೋಡ್, ದೊಡ್ಡ ವಾಟಿನ ರೆಸಿಸ್ಟರ್‌ಗಳನ್ನು ತೂತಿಗೆ ಒತ್ತಬೇಡಿ. ಒಳಗಿನ ಸ್ಪ್ರಿಂಗ್ ಒಮ್ಮೆ ಅಗಲವಾಯಿತೆಂದರೆ ಆಮೇಲೆ ತೆಳುವಾದ ಕಾಲನ್ನು ಅದು ಹಿಡಿಯುವುದಿಲ್ಲ. ಅಂಥ ತೂತು ಇಡೀ ಸಂಜೆಯನ್ನು ನುಂಗಬಲ್ಲದು, ಏಕೆಂದರೆ ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಬೋರ್ಡನ್ನು ಬಳಸುವ ಮುನ್ನ ಮೀಟರನ್ನು ಕಂಟಿನ್ಯೂಟಿಗೆ (ಸಂಪರ್ಕ ಇದೆಯೇ ಎಂದು ತೋರಿಸುವ ಸ್ಥಾನಕ್ಕೆ) ಇಟ್ಟು ಪವರ್ ರೈಲುಗಳನ್ನು, ಎಂದರೆ ಅಂಚಿನ ಪ್ಲಸ್, ಮೈನಸ್ ಉದ್ದ ಸಾಲುಗಳನ್ನು, ಈ ತುದಿಯಿಂದ ಆ ತುದಿಗೆ ಪರೀಕ್ಷಿಸಿ. ಉದ್ದದ ಬೋರ್ಡುಗಳಲ್ಲಿ ಕೆಲವಕ್ಕೆ ರೈಲು ನಡುವೆ ತುಂಡಾಗಿರುತ್ತದೆ. ಪಕ್ಕದ ಕೆಂಪು, ನೀಲಿ ಗೆರೆ ಮಧ್ಯದಲ್ಲಿ ಕಡಿದಿದ್ದರೆ ಅದರ ಸೂಚನೆ ಅಷ್ಟೇ. ತುಂಡಾಗಿದ್ದರೆ ಎರಡು ಚಿಕ್ಕ ವೈರ್ ಹಾಕಿ ಸೇರಿಸಿಬಿಡಿ.

ಪ್ರಶ್ನೆ: ಬಿಸಿ547 ಆಂಪ್ಲಿಫೈಯರನ್ನು ಚಿತ್ರ ನೋಡಿಕೊಂಡು ಎರಡು ಸಲ ಕಟ್ಟಿದೆ. ಔಟ್‌ಪುಟ್ ಬರುತ್ತಿಲ್ಲ. ಟ್ರಾನ್ಸಿಸ್ಟರ್ ಸುಟ್ಟಿದೆಯೋ ಎಂದು ಬದಲಿಸಿಯೂ ನೋಡಿದೆ. ತಪ್ಪು ಹುಡುಕುವ ಕ್ರಮ ತಿಳಿಸಿ.

ಉತ್ತರ: ಸಿಗ್ನಲ್ ಬಿಚ್ಚಿಡಿ. ಡಿಸಿ ವೋಲ್ಟೇಜುಗಳು ಸರಿಯಾಗುವ ತನಕ ಸಿಗ್ನಲಿನ ಯೋಚನೆಯೇ ಬೇಡ. ಔಟ್‌ಪುಟ್ ಇಲ್ಲ ಎಂದು ಬರೆಯುವ ಹತ್ತು ಮಂದಿಯಲ್ಲಿ ಬಹುಪಾಲು ಜನ ಟ್ರಾನ್ಸಿಸ್ಟರಿನ ಮೂರು ಕಾಲುಗಳಾದ ಬೇಸ್, ಎಮಿಟರ್, ಕಲೆಕ್ಟರ್‌ಗಳ ವೋಲ್ಟೇಜನ್ನು ಬರೆದಿರುವುದೇ ಇಲ್ಲ. ಆ ಮೂರು ಅಂಕಿಗಳಲ್ಲಿಯೇ ತಪ್ಪಿನ ಜಾಗ ಅಡಗಿರುತ್ತದೆ.

ಜೋಡಣೆ ಹೀಗಿದೆ ಎಂದುಕೊಳ್ಳೋಣ: ಪ್ಲಸ್‌ನಿಂದ ಬೇಸ್‌ಗೆ 47ಕೆ, ಬೇಸ್‌ನಿಂದ ಗ್ರೌಂಡ್‌ಗೆ 10ಕೆ, ಪ್ಲಸ್‌ನಿಂದ ಕಲೆಕ್ಟರ್‌ಗೆ 4.7ಕೆ, ಎಮಿಟರ್‌ನಿಂದ ಗ್ರೌಂಡ್‌ಗೆ 1ಕೆ. ಲೆಕ್ಕ ಸುಲಭ. 9 ವೋಲ್ಟನ್ನು 47ಕೆ ಮತ್ತು 10ಕೆ ಹಂಚಿಕೊಂಡಾಗ ಬೇಸ್‌ಗೆ 1.58 ವೋಲ್ಟ್ ಸಿಗುತ್ತದೆ. ಬೇಸ್ ಎಳೆಯುವ ಅಲ್ಪ ಕರೆಂಟಿನಿಂದ ಅದು 1.54ರ ಆಸುಪಾಸಿಗೆ ಇಳಿಯುತ್ತದೆ. ಎಮಿಟರ್ ಅದಕ್ಕಿಂತ 0.6ರಿಂದ 0.65 ವೋಲ್ಟ್ ಕೆಳಗೆ, ಎಂದರೆ 0.9ರ ಹತ್ತಿರ. 1ಕೆ ಮೇಲೆ 0.9 ವೋಲ್ಟ್ ಇದ್ದರೆ 0.9 ಮಿಲಿಆಂಪ್ ಹರಿಯುತ್ತಿದೆ ಎಂದಾಯಿತು. ಅದೇ ಕರೆಂಟ್ 4.7ಕೆಯಲ್ಲಿ ಸುಮಾರು 4.2 ವೋಲ್ಟ್ ಕಳೆದು ಕಲೆಕ್ಟರನ್ನು 4.8ಕ್ಕೆ ನಿಲ್ಲಿಸುತ್ತದೆ. ಮೀಟರಿನಲ್ಲಿ ಇವಕ್ಕೆ ಹತ್ತಿರದ ಅಂಕಿಗಳು ಬಂದರೆ ಟ್ರಾನ್ಸಿಸ್ಟರ್ ಸರಿಯಾಗಿದೆ. ಬ್ಯಾಟರಿ 9ಕ್ಕಿಂತ ಕಡಿಮೆ ಇದ್ದರೆ ಮೊದಲು ಅದನ್ನು ಅಳೆದು ಲೆಕ್ಕವನ್ನು ಅದಕ್ಕೆ ತಿದ್ದಿಕೊಳ್ಳಿ.

ಅಂಕಿಗಳು ಬೇರೆಯಾಗಿದ್ದರೆ ಹೀಗೆ ಓದಬೇಕು. ಕಲೆಕ್ಟರ್ 9, ಎಮಿಟರ್ ಸೊನ್ನೆ, ಬೇಸೂ ಸೊನ್ನೆ: 47ಕೆ ರೆಸಿಸ್ಟರ್ ಒಂದು ಸಾಲು ಆಚೀಚೆ ಕುಳಿತಿದೆ, ಇಲ್ಲವೆ ಆ ಕಡೆಯ ರೈಲಿಗೆ ಪ್ಲಸ್ ತಲುಪಿಲ್ಲ. ಕಲೆಕ್ಟರ್ 9, ಬೇಸ್ 1.58, ಎಮಿಟರ್ ಸೊನ್ನೆ: ಟ್ರಾನ್ಸಿಸ್ಟರಿನ ಬೇಸ್ ಅಥವಾ ಎಮಿಟರ್ ಕಾಲು ಸ್ಪ್ರಿಂಗಿಗೆ ಸಿಕ್ಕಿಲ್ಲ, ಅಥವಾ ಬೇಸ್–ಎಮಿಟರ್ ಜಂಕ್ಷನ್ ಹೋಗಿದೆ. ಕಲೆಕ್ಟರ್ 9, ಎಮಿಟರ್ 1 ವೋಲ್ಟ್ ಮೀರಿ ತೇಲುತ್ತಿದೆ: ಎಮಿಟರಿನ 1ಕೆ ಗ್ರೌಂಡ್ ತಲುಪಿಲ್ಲ. ಕಲೆಕ್ಟರ್ ಮತ್ತು ಎಮಿಟರ್ ಎರಡೂ 1.7ರ ಸುತ್ತ ಒಂದಕ್ಕೊಂದು ಅಂಟಿಕೊಂಡಿವೆ: 10ಕೆ ಬಿಟ್ಟುಹೋಗಿ ಟ್ರಾನ್ಸಿಸ್ಟರ್ ಪೂರ್ತಿ ಆನ್ ಆಗಿದೆ.

ಎರಡೂ ಅಂಟಿಕೊಂಡು ಅರ್ಧ ವೋಲ್ಟಿಗಿಂತಲೂ ಕೆಳಗಿವೆಯೇ? ಹಾಗಿದ್ದರೆ ಕಲೆಕ್ಟರಿನಲ್ಲಿ 4.7ಕೆ ಬದಲು 47ಕೆ ಕೂತಿದೆಯೇ ನೋಡಿ. 4.7ಕೆಯ ಪಟ್ಟಿಗಳು ಹಳದಿ, ನೇರಳೆ, ಕೆಂಪು; 47ಕೆಯವು ಹಳದಿ, ನೇರಳೆ, ಕಿತ್ತಳೆ. ಮಂದ ಬೆಳಕಿನಲ್ಲಿ ಈ ಕೆಂಪು ಮತ್ತು ಕಿತ್ತಳೆ ಬಹಳ ಜನರನ್ನು ಏಮಾರಿಸುತ್ತವೆ. ಐದು ಪಟ್ಟಿಯ ರೆಸಿಸ್ಟರ್‌ಗಳಲ್ಲಿ ಗೊಂದಲ ಇನ್ನೂ ಹೆಚ್ಚು. ಪ್ರತಿ ರೆಸಿಸ್ಟರನ್ನೂ ಬೋರ್ಡಿಗೆ ಹಾಕುವ ಮೊದಲು ಮೀಟರಿನಲ್ಲಿ ಅಳೆದು ಹಾಕಿ. ಹಾಕಿದ ಮೇಲೆ ಅಳೆದರೆ ಪಕ್ಕದ ಭಾಗಗಳೂ ಸೇರಿಕೊಂಡು ತಪ್ಪು ಬೆಲೆ ತೋರಿಸುತ್ತವೆ.

ಇನ್ನು ಟ್ರಾನ್ಸಿಸ್ಟರಿನ ಕಾಲುಗಳು. ಚಪ್ಪಟೆ ಮುಖ ನಿಮ್ಮ ಕಡೆ, ಕಾಲುಗಳು ಕೆಳಗೆ ಇರುವಂತೆ ಹಿಡಿದರೆ ಬಿಸಿ547ಕ್ಕೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. 2ಎನ್3904ಕ್ಕೆ ಎಡದಿಂದ ಎಮಿಟರ್, ಬೇಸ್, ಕಲೆಕ್ಟರ್, ಪೂರ್ತಿ ತಿರುಗುಮುರುಗು. ಸಿ1815ರಲ್ಲಿ ಬೇಸ್ ನಡುವೆಯೇ ಇಲ್ಲ, ಎಡದಿಂದ ಎಮಿಟರ್, ಕಲೆಕ್ಟರ್, ಬೇಸ್. ‘ಸಮಾನ ಟ್ರಾನ್ಸಿಸ್ಟರ್’ ಎಂದು ಕೊಟ್ಟದ್ದನ್ನು ಹಾಗೆಯೇ ಅದೇ ತೂತುಗಳಿಗೆ ಹಾಕಿದರೆ ಕೆಡುವುದು ಇಲ್ಲಿಯೇ. ಕಲೆಕ್ಟರ್–ಎಮಿಟರ್ ಅದಲುಬದಲಾದರೂ ಟ್ರಾನ್ಸಿಸ್ಟರ್ ಪೂರ್ತಿ ಸುಮ್ಮನಿರುವುದಿಲ್ಲ. ಗೇನ್ (ಎಷ್ಟು ಪಟ್ಟು ದೊಡ್ಡದು ಮಾಡುತ್ತದೆ ಎಂಬ ಅಂಕಿ) ಕುಸಿದು ವೋಲ್ಟೇಜುಗಳು ಯಾವ ಲೆಕ್ಕಕ್ಕೂ ಹೊಂದದಂತೆ ಬರುತ್ತವೆ. ಬಿಸಿ547ರ ಬೇಸ್–ಎಮಿಟರ್ ಜಂಕ್ಷನ್ ಹಿಮ್ಮುಖವಾಗಿ ತಡೆಯುವುದು 6 ವೋಲ್ಟ್ ಮಾತ್ರ. 9 ವೋಲ್ಟಿನಲ್ಲಿ ಹಾಗೆ ಬಹಳ ಹೊತ್ತು ಇಟ್ಟ ಟ್ರಾನ್ಸಿಸ್ಟರನ್ನು ಮತ್ತೆ ನಂಬಿ ಬಳಸಬೇಡಿ.

ಪ್ರಶ್ನೆ: ಡಿಸಿ ಎಲ್ಲ ಸರಿಯಾಗಿದೆ, ಆದರೆ ಗೇನ್ 5 ಕೂಡ ಇಲ್ಲ. ಎಮಿಟರ್ ರೆಸಿಸ್ಟರಿಗೆ ಸಮಾನಾಂತರವಾಗಿ 100 ಮೈಕ್ರೋಫ್ಯಾರಡ್ ಹಾಕಿದರೆ ಗೇನ್ ಬರುತ್ತದೆ, ಹಾಡು ಮಾತ್ರ ಗೊರಗೊರ ಎನ್ನುತ್ತದೆ. ಮಧ್ಯಮ ದಾರಿ ಇಲ್ಲವೇ?

ಉತ್ತರ: ಇದೆ. ಮೊದಲು ಕಾರಣ ನೋಡೋಣ. ಕೆಪಾಸಿಟರ್ ಇಲ್ಲದಿದ್ದಾಗ ಗೇನ್ ಎಂದರೆ ಕಲೆಕ್ಟರ್ ರೆಸಿಸ್ಟರನ್ನು ಎಮಿಟರ್ ಕಡೆಯ ಒಟ್ಟು ರೋಧದಿಂದ ಭಾಗಿಸಿದಷ್ಟು. 4.7ಕೆ ಭಾಗಿಸು 1ಕೆ, ಹೆಚ್ಚುಕಡಿಮೆ 4.6. ಕೆಪಾಸಿಟರ್ ಹಾಕಿದಾಗ ಎಸಿಯ, ಎಂದರೆ ಏರಿಳಿಯುವ ಸಿಗ್ನಲಿನ, ಮಟ್ಟಿಗೆ 1ಕೆ ಮಾಯವಾಗಿ ಟ್ರಾನ್ಸಿಸ್ಟರಿನ ಒಳಗಿನ ಎಮಿಟರ್ ರೋಧ ಮಾತ್ರ ಉಳಿಯುತ್ತದೆ. 26 ಮಿಲಿವೋಲ್ಟನ್ನು ಎಮಿಟರ್ ಕರೆಂಟಿನಿಂದ ಭಾಗಿಸಿದರೆ ಅದು ಸಿಗುತ್ತದೆ: 0.9 ಮಿಲಿಆಂಪಿಗೆ ಸುಮಾರು 29 ಓಮ್. ಗೇನ್ 160ಕ್ಕೆ ಜಿಗಿಯುತ್ತದೆ.

ಈ 29 ಓಮ್ ಸ್ಥಿರವಲ್ಲ ಎಂಬುದೇ ತೊಂದರೆ. ಸಿಗ್ನಲ್ ಏರಿದಾಗ ಕರೆಂಟ್ ಹೆಚ್ಚಿ ಅದು ಕುಗ್ಗುತ್ತದೆ, ಇಳಿದಾಗ ಹಿಗ್ಗುತ್ತದೆ. ಅಲೆಯ ಒಂದು ಭಾಗ ಚೂಪಾಗಿ ಇನ್ನೊಂದು ಭಾಗ ಬೊಜ್ಜಾಗುತ್ತದೆ. ಬೇಸ್‌ಗೆ 10 ಮಿಲಿವೋಲ್ಟ್ ಪೀಕ್ (ಅಲೆಯ ತುದಿಯ ಎತ್ತರ) ಕೊಟ್ಟರೆ ಸಾಕು, ಎರಡನೇ ಹಾರ್ಮೋನಿಕ್ (ಮೂಲದ ಇಮ್ಮಡಿ ಫ್ರೀಕ್ವೆನ್ಸಿಯ ಬೇಡದ ಅಲೆ) ಶೇಕಡಾ 10ರ ಹತ್ತಿರ ಬಂದುಬಿಡುತ್ತದೆ. ಫೋನಿನ ಹೆಡ್‌ಫೋನ್ ಔಟ್‌ಪುಟ್ ಇದಕ್ಕಿಂತ ಹತ್ತಾರು ಪಟ್ಟು ದೊಡ್ಡದು. ಅದನ್ನು ನೇರವಾಗಿ ಕೊಟ್ಟರೆ ಅಲೆಯ ತಲೆ, ಬುಡ ಎರಡೂ ಕತ್ತರಿಸಿಹೋಗುತ್ತವೆ.

ಹಾಗಾಗಿ 100 ಮೈಕ್ರೋಫ್ಯಾರಡ್ ಜೊತೆ ಸರಣಿಯಲ್ಲಿ 100 ಓಮ್ ಸೇರಿಸಿ, ಆ ಜೋಡಿಯನ್ನು 1ಕೆಗೆ ಸಮಾನಾಂತರವಾಗಿ ಇಡಿ. ಡಿಸಿ ಒಂದಿಷ್ಟೂ ಬದಲಾಗುವುದಿಲ್ಲ. ಎಸಿಗೆ 29 ಓಮ್, ಜೊತೆಗೆ 100 ಓಮ್ ಮತ್ತು 1ಕೆ ಸಮಾನಾಂತರವಾಗಿ ಕೊಡುವ 91 ಓಮ್, ಒಟ್ಟು 120. ಗೇನ್ 39. ಟ್ರಾನ್ಸಿಸ್ಟರ್ ಬದಲಿಸಿದರೂ, ಬಿಸಿಯಾದರೂ ಈ ಅಂಕಿ ಅಷ್ಟಾಗಿ ಅಲುಗಾಡುವುದಿಲ್ಲ. ನಮ್ಮ ಮಟ್ಟಿಗೆ ಕಲಿಯುವವರಿಗೆ 160ಕ್ಕಿಂತ ಈ 39 ಹೆಚ್ಚು ಬೆಲೆಯುಳ್ಳದ್ದು.

ಕೆಪಾಸಿಟರ್‌ಗಳ ದಿಕ್ಕು ಮರೆಯಬೇಡಿ. ಇನ್‌ಪುಟ್ ಕೆಪಾಸಿಟರಿನ ಪ್ಲಸ್ ಬೇಸ್ ಕಡೆಗೆ, ಔಟ್‌ಪುಟ್ ಕೆಪಾಸಿಟರಿನ ಪ್ಲಸ್ ಕಲೆಕ್ಟರ್ ಕಡೆಗೆ. ಯಾವ ಕಡೆ ಡಿಸಿ ಹೆಚ್ಚಿದೆಯೋ ಆ ಕಡೆ ಪ್ಲಸ್.

ಪ್ರಶ್ನೆ: ಆಸಿಲೋಸ್ಕೋಪ್ ಇಲ್ಲ. ಮಲ್ಟಿಮೀಟರ್ ಮತ್ತು ಫೋನ್ ಇವೆ. ಇಷ್ಟರಿಂದ ಗೇನ್, ಇನ್‌ಪುಟ್ ರೋಧ, ಔಟ್‌ಪುಟ್ ರೋಧ ಅಳೆಯಲು ಸಾಧ್ಯವೇ?

ಉತ್ತರ: ಧಾರಾಳವಾಗಿ ಸಾಧ್ಯ, ಒಂದೆರಡು ಮಿತಿ ನೆನಪಿಟ್ಟರೆ ಸಾಕು.

ಫೋನಿನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿ 300 ಹರ್ಟ್ಸ್‌ನ ಸೈನ್ ಅಲೆ ಆಯ್ದುಕೊಳ್ಳಿ. ಸಾಮಾನ್ಯ ಮೀಟರ್‌ಗಳ ಎಸಿ ಅಳತೆ ಕೆಲವು ನೂರು ಹರ್ಟ್ಸ್‌ವರೆಗೆ ಮಾತ್ರ ನಂಬಿಕೆಗೆ ಅರ್ಹ. 5 ಕಿಲೋಹರ್ಟ್ಸ್‌ನಲ್ಲಿ ಅಂಕಿ ಬಿದ್ದರೆ ಬಿದ್ದದ್ದು ಆಂಪ್ಲಿಫೈಯರೋ ಮೀಟರೋ ಹೇಳಲಾಗದು. ಮೀಟರಿನಲ್ಲಿ 2 ವೋಲ್ಟ್ ಎಸಿ ರೇಂಜ್ ಇರಬೇಕು. ಕನಿಷ್ಠ ರೇಂಜೇ 200 ವೋಲ್ಟ್ ಇರುವ ಮೀಟರ್ 0.1 ವೋಲ್ಟಿನ ಹೆಜ್ಜೆಯಲ್ಲಿ ತೋರಿಸುವುದರಿಂದ ಈ ಕೆಲಸಕ್ಕೆ ಸಾಲದು. ಕೆಲವು ಮೀಟರ್‌ಗಳು ಎಸಿ ರೇಂಜಿನಲ್ಲೂ ಡಿಸಿಯನ್ನು ಸೇರಿಸಿ ತೋರಿಸುತ್ತವೆ. ಆದ್ದರಿಂದ ಯಾವಾಗಲೂ ಔಟ್‌ಪುಟ್ ಕೆಪಾಸಿಟರಿನ ಆಚೆಗೆ ಅಳೆಯಿರಿ, ಅಲ್ಲಿಂದ ಗ್ರೌಂಡ್‌ಗೆ ಒಂದು 100ಕೆ ಇರಲಿ.

ಫೋನಿನ ಎಡ ಚಾನೆಲ್ ಒಂದನ್ನೇ ಬಳಸಿ. ಎಡ, ಬಲ ಎರಡನ್ನೂ ಒಟ್ಟಿಗೆ ತಿರುಚಿ ಸೇರಿಸಬೇಡಿ. ಫೋನಿನಿಂದ 1ಕೆ, ಅದರ ಇನ್ನೊಂದು ತುದಿಯಿಂದ ಗ್ರೌಂಡ್‌ಗೆ 100 ಓಮ್, ಇವೆರಡರ ನಡುವಿನಿಂದ ಆಂಪ್ಲಿಫೈಯರಿಗೆ. ಇದು ಸಿಗ್ನಲನ್ನು 11ರಲ್ಲಿ ಒಂದು ಪಾಲಿಗೆ ಇಳಿಸುತ್ತದೆ. ಫೋನಿನ ತುದಿಯಲ್ಲಿ ಮೀಟರ್ 0.5 ವೋಲ್ಟ್ ತೋರಿಸುವಂತೆ ವಾಲ್ಯೂಮ್ ಇಟ್ಟರೆ ಒಳಗೆ ಹೋಗುವುದು 45 ಮಿಲಿವೋಲ್ಟ್. ಅಷ್ಟು ಚಿಕ್ಕದನ್ನು ಮೀಟರಿನಲ್ಲಿ ಅಳೆಯುವ ಗೋಜಿಗೆ ಹೋಗದೆ ಮೇಲಿನದನ್ನು ಅಳೆದು ಭಾಗಿಸುವುದೇ ಹೆಚ್ಚು ಸರಿ. ಗೇನ್ 39ರ ಸರ್ಕ್ಯೂಟಾದರೆ ಔಟ್‌ಪುಟ್‌ನಲ್ಲಿ 1.75 ವೋಲ್ಟ್ ಆಸುಪಾಸು ಬರಬೇಕು. ಪೀಕ್ ಲೆಕ್ಕದಲ್ಲಿ ಇದು 2.5 ವೋಲ್ಟ್. ಕಲೆಕ್ಟರ್ 4.8ರಿಂದ ಕೆಳಗೆ 3.7ರಷ್ಟು, ಮೇಲೆ 4.2ರಷ್ಟು ಆಡಬಲ್ಲದ್ದರಿಂದ ಕತ್ತರಿಸುವ ಭಯವಿಲ್ಲ. ಗೇನ್ 160 ಇಟ್ಟು ಅಳೆಯುವುದಾದರೆ 1ಕೆ ಬದಲು 10ಕೆ ಹಾಕಿ. ಆಗ ಭಾಗ 101ರಲ್ಲಿ ಒಂದು.

ಅಲೆ ಕತ್ತರಿಸುತ್ತಿದೆಯೇ ಎಂದು ಮೀಟರಿನಿಂದಲೇ ಪತ್ತೆ ಮಾಡಬಹುದು. ಇನ್‌ಪುಟ್ ಇಮ್ಮಡಿಸಿದಾಗ ಔಟ್‌ಪುಟ್ ಕೂಡ ಇಮ್ಮಡಿಸಬೇಕು. ಅದಕ್ಕಿಂತ ಕಡಿಮೆ ಏರಿದರೆ ಮಿತಿ ಮುಟ್ಟಿದ್ದೀರಿ.

ಇನ್‌ಪುಟ್ ರೋಧ ಅಳೆಯಲು ಇನ್‌ಪುಟ್ ಕೆಪಾಸಿಟರಿನ ಮುಂದೆ ಸರಣಿಯಲ್ಲಿ 10ಕೆ ಸೇರಿಸಿ ಔಟ್‌ಪುಟ್ ಎಷ್ಟು ಇಳಿಯಿತು ನೋಡಿ. ಸರಿಯಾಗಿ ಅರ್ಧವಾದರೆ ಇನ್‌ಪುಟ್ ರೋಧ 10ಕೆ. 0.4 ಪಾಲಿಗೆ ಇಳಿದರೆ 10ಕೆಯನ್ನು 0.4ರಿಂದ ಗುಣಿಸಿ 0.6ರಿಂದ ಭಾಗಿಸಿ, 6.7ಕೆ. ಗೇನ್ 39ರ ನಮ್ಮ ಸರ್ಕ್ಯೂಟಿಗೆ ಹೆಚ್ಚುಕಡಿಮೆ ಇದೇ ಬರಬೇಕು. ಔಟ್‌ಪುಟ್ ರೋಧಕ್ಕೆ ಔಟ್‌ಪುಟ್ ಕೆಪಾಸಿಟರಿನ ಆಚೆ ಗ್ರೌಂಡ್‌ಗೆ 4.7ಕೆ ಲೋಡ್ ಹಾಕಿ. ವೋಲ್ಟೇಜ್ ಅರ್ಧವಾಗುತ್ತದೆ. ಕಲೆಕ್ಟರ್ ರೆಸಿಸ್ಟರ್ ಎಷ್ಟೋ ಔಟ್‌ಪುಟ್ ರೋಧವೂ ಅಷ್ಟೇ ಎಂಬುದು ಆಗ ಕೈಯಾರೆ ತಿಳಿಯುತ್ತದೆ.

ಅಲೆಯ ಆಕಾರವನ್ನೇ ನೋಡಬೇಕಿದ್ದರೆ ಕಂಪ್ಯೂಟರಿನ ಲೈನ್ ಇನ್‌ಪುಟ್ ಮತ್ತು ಸೌಂಡ್‌ಕಾರ್ಡ್ ಸ್ಕೋಪ್ ತಂತ್ರಾಂಶ ಬಳಸಬಹುದು. ನಡುವೆ 100ಕೆ ಸರಣಿಯಲ್ಲಿ, 10ಕೆ ಗ್ರೌಂಡ್‌ಗೆ, ಆ 10ಕೆಯ ಮೇಲೆ ಎದುರುಬದುರು ದಿಕ್ಕಿನಲ್ಲಿ ಎರಡು 1ಎನ್4148 ಡಯೋಡ್ ಕಡ್ಡಾಯವಾಗಿ ಇರಲಿ. ಈ ಡಯೋಡುಗಳು ಅರ್ಧ ವೋಲ್ಟಿನ ಹತ್ತಿರ ಅಲೆಯನ್ನು ತಾವೇ ಕತ್ತರಿಸುತ್ತವೆ, ಆದ್ದರಿಂದ 4 ವೋಲ್ಟ್ ಪೀಕ್‌ಗಿಂತ ಹೆಚ್ಚಿನದನ್ನು ಹೀಗೆ ಅಳೆಯಬೇಡಿ. ಲ್ಯಾಪ್‌ಟಾಪ್ ಚಾರ್ಜರಿನಿಂದ ಬಿಚ್ಚಿರಲಿ. ಸೌಂಡ್‌ಕಾರ್ಡ್ ಕಾಣುವುದು 20 ಕಿಲೋಹರ್ಟ್ಸ್ ತನಕ ಮಾತ್ರ. ಅದರಾಚೆ ಆಂಪ್ಲಿಫೈಯರ್ ಏನು ಮಾಡುತ್ತಿದ್ದರೂ ಅದಕ್ಕೆ ತಿಳಿಯದು.

ಪ್ರಶ್ನೆ: ಗೇನ್ 100ಕ್ಕಿಂತ ಹೆಚ್ಚಿದೆ ಎಂದು ಮೀಟರ್ ಹೇಳುತ್ತದೆ. 8 ಓಮ್ ಸ್ಪೀಕರ್ ಹಾಕಿದರೆ ಸದ್ದೇ ಇಲ್ಲ. ಏಕೆ?

ಉತ್ತರ: ಸ್ಪೀಕರ್ ಹಾಕಿದಾಕ್ಷಣ ಎಸಿಯ ಮಟ್ಟಿಗೆ ನಿಮ್ಮ 4.7ಕೆ ಇರುವುದಿಲ್ಲ, ಅದರ ಜಾಗದಲ್ಲಿ 8 ಓಮ್ ಇದೆ. 8 ಭಾಗಿಸು 29, ಗೇನ್ 0.3ಕ್ಕಿಂತ ಕಡಿಮೆ. ಈ ಸರ್ಕ್ಯೂಟ್ ವೋಲ್ಟೇಜನ್ನು ದೊಡ್ಡದು ಮಾಡುತ್ತದೆ, ಕರೆಂಟ್ ಕೊಡಲಾರದು. ಇದರ ನಂತರ ಕರೆಂಟ್ ಕೊಡುವ ಪವರ್ ಹಂತ ಬೇಕು. ಎಲ್‌ಎಂ386 ಅದಕ್ಕೆ ಒಳ್ಳೆಯ ಮೊದಲ ಐಸಿ.

ಪ್ರಶ್ನೆ: ಎಲ್‌ಎಂ386 ಕಟ್ಟಿದ್ದೇನೆ. ವಾಲ್ಯೂಮ್ ಏರಿಸಿದರೆ ಡಬ್ ಡಬ್ ಎಂದು ಎಂಜಿನ್ ದೋಣಿಯ ಸದ್ದು, ಒಮ್ಮೊಮ್ಮೆ ಕೀಚಲು ಶಿಳ್ಳೆ. ಸಿಗ್ನಲ್ ಇಲ್ಲದಿದ್ದರೂ ಐಸಿ ಬಿಸಿಯಾಗುತ್ತದೆ. ಅದರ ಮುಂದೆ ಟ್ರಾನ್ಸಿಸ್ಟರ್ ಪ್ರೀಆಂಪ್ (ಸಿಗ್ನಲನ್ನು ಮೊದಲೇ ದೊಡ್ಡದು ಮಾಡುವ ಹಂತ) ಸೇರಿಸಿದಾಗಂತೂ ಹಿಡಿಯಲಾಗುತ್ತಿಲ್ಲ.

ಉತ್ತರ: ನೀವು ಬರೆದಿರುವುದರಲ್ಲಿ ಎರಡು ಬೇರೆ ಬೇರೆ ರೋಗಗಳಿವೆ.

ಮೊದಲು ಜೋಡಣೆ ಒಮ್ಮೆ ತಾಳೆ ನೋಡಿ. ಐಸಿಯ ಕಾಲು (ಪಿನ್) 2 ಗ್ರೌಂಡ್‌ಗೆ, ಕಾಲು 3 ಇನ್‌ಪುಟ್, ಕಾಲು 4 ಗ್ರೌಂಡ್, ಕಾಲು 5 ಔಟ್‌ಪುಟ್, ಕಾಲು 6 ಪ್ಲಸ್. ಇನ್‌ಪುಟ್ 10ಕೆ ವಾಲ್ಯೂಮ್ ಕಂಟ್ರೋಲ್ ಮೂಲಕವೇ ಬರಲಿ. ಕಾಲು 3ಕ್ಕೆ ಪ್ಲಸ್ ಅಥವಾ ಮೈನಸ್ 0.4 ವೋಲ್ಟ್ ಮೀರಕೂಡದು, ಫೋನ್ ಪೂರ್ತಿ ವಾಲ್ಯೂಮಿನಲ್ಲಿ ಇದನ್ನು ಸುಲಭವಾಗಿ ದಾಟುತ್ತದೆ. ಕಾಲು 5ರಿಂದ ಸ್ಪೀಕರಿಗೆ 220 ಮೈಕ್ರೋಫ್ಯಾರಡ್, ಪ್ಲಸ್ ಐಸಿ ಕಡೆಗೆ. ಸ್ಪೀಕರ್ ಹಾಕುವ ಮುನ್ನ ಕಾಲು 5ರಲ್ಲಿ ಸುಮಾರು ಅರ್ಧ ಸರಬರಾಜು, 4.5 ವೋಲ್ಟ್ ಇದೆಯೇ ಅಳೆಯಿರಿ. ಕಾಲು 1 ಮತ್ತು 8 ಖಾಲಿ ಬಿಟ್ಟರೆ ಗೇನ್ 20. ಅವುಗಳ ನಡುವೆ 10 ಮೈಕ್ರೋಫ್ಯಾರಡ್ ಹಾಕಿದರೆ 200, ಕೆಪಾಸಿಟರ್ ಜೊತೆ ಸರಣಿಯಲ್ಲಿ 1.2ಕೆ ಸೇರಿಸಿದರೆ 50. ಬ್ರೆಡ್‌ಬೋರ್ಡ್ ಮೇಲೆ 200 ಬೇಡ. ಪ್ರೀಆಂಪ್ ಇರುವಾಗ 20 ಸಾಕುಸಾಕು.

ಈಗ ಶಿಳ್ಳೆ ಮತ್ತು ಬಿಸಿ. ಐಸಿ ತಾನಾಗಿ ಆಂದೋಲನ ಮಾಡುತ್ತಿದೆ, ಒಮ್ಮೊಮ್ಮೆ ಶಿಳ್ಳೆಯಾಗಿ ಕೇಳುವಂತೆ, ಉಳಿದಂತೆ ಕಿವಿಗೆ ಕೇಳದ ಫ್ರೀಕ್ವೆನ್ಸಿಯಲ್ಲಿ. ಸಿಗ್ನಲ್ ಇಲ್ಲದಾಗ ಎಲ್‌ಎಂ386 ಎಳೆಯಬೇಕಾದ ಕರೆಂಟ್ 4 ಮಿಲಿಆಂಪಿನ ಸುತ್ತ. ಪ್ಲಸ್ ಲೈನಿನಲ್ಲಿ ಮೀಟರ್ ಸೇರಿಸಿ ನೋಡಿದಾಗ 20, 30 ತೋರಿಸಿದರೆ ಅನುಮಾನವೇ ಬೇಡ. ಕೈ ಹತ್ತಿರ ತಂದಾಗ ಅಂಕಿ ಅಲುಗಾಡಿದರೆ ಅದೂ ಗುರುತು. ಔಷಧ ಮೂರು. ಕಾಲು 6ರ ಸಾಲಿನಿಂದ ಕಾಲು 4ರ ಸಾಲಿಗೆ ನೇರವಾಗಿ, ರೈಲಿನ ಮೂಲಕವಲ್ಲದೆ, 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಮತ್ತು 100 ಮೈಕ್ರೋಫ್ಯಾರಡ್ ಎರಡನ್ನೂ ಕಾಲು ಕತ್ತರಿಸಿ ಚಿಕ್ಕದಾಗಿ ಹಾಕಿ. ಕಾಲು 5ರಿಂದ ಗ್ರೌಂಡ್‌ಗೆ 0.047 ಮೈಕ್ರೋಫ್ಯಾರಡ್ ಮತ್ತು 10 ಓಮ್ ಸರಣಿಯಲ್ಲಿ ಇಡಿ. ಬಹಳ ಚಿತ್ರಗಳಲ್ಲಿ ಇದನ್ನು ‘ಬೇಕಿದ್ದರೆ’ ಎಂಬಂತೆ ಬಿಟ್ಟಿರುತ್ತಾರೆ. ಬ್ರೆಡ್‌ಬೋರ್ಡಿನಲ್ಲಿ ಅದು ಬೇಕೇ ಬೇಕು. ಇನ್‌ಪುಟ್ ವೈರ್ ಮತ್ತು ಸ್ಪೀಕರ್ ವೈರ್ ಬೋರ್ಡಿನ ಒಂದೇ ಕಡೆಯಿಂದ ಹೊರಡದಿರಲಿ.

ಡಬ್ ಡಬ್ ಸದ್ದಿನ ದಾರಿ ಬೇರೆ, ಅದು ಬರುವುದು ಸರಬರಾಜಿನಿಂದ. ಸ್ಪೀಕರಿಗೆ 3 ವೋಲ್ಟ್ ಪೀಕ್ ಹೋದರೆ 0.37 ಆಂಪ್ ಎಳೆಯಬೇಕು. ಸೋತ 9 ವೋಲ್ಟ್ ಬ್ಯಾಟರಿ ಆ ಹೊತ್ತಿಗೆ ಕುಸಿಯುತ್ತದೆ. ಆ ಕುಸಿತ ಪ್ರೀಆಂಪಿನ 47ಕೆ ಮೂಲಕ ಬೇಸ್‌ಗೆ ಸಿಗ್ನಲ್ ಆಗಿ ಹೋಗಿ 39, ಮೇಲೆ 20, ಒಟ್ಟು 780 ಪಟ್ಟು ದೊಡ್ಡದಾಗಿ ಮತ್ತೆ ಸ್ಪೀಕರಿಗೆ ಬರುತ್ತದೆ. ಸುತ್ತು ಪೂರ್ತಿಯಾಯಿತು. ಅದನ್ನು ಕಡಿಯಲು ಪ್ರೀಆಂಪಿನ ಪ್ಲಸ್‌ಗೆ 470 ಓಮ್ ಸರಣಿಯಲ್ಲಿ ಹಾಕಿ, ಅದರಾಚೆ ಗ್ರೌಂಡ್‌ಗೆ 220 ಮೈಕ್ರೋಫ್ಯಾರಡ್ ಇಡಿ. ಪ್ರೀಆಂಪಿಗೆ ಅರ್ಧ ವೋಲ್ಟ್ ಕಡಿಮೆಯಾಗುತ್ತದೆ, ಅದರಿಂದ ನಷ್ಟವಿಲ್ಲ. ಚಿಕ್ಕ 9 ವೋಲ್ಟ್ ಬ್ಯಾಟರಿ ಬದಲು 1.5 ವೋಲ್ಟಿನ ಆರು ಪೆನ್ಸಿಲ್ ಸೆಲ್ ಬಳಸಿದರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಗ್ರೌಂಡ್ ಕೂಡ ಇಷ್ಟೇ ಮುಖ್ಯ, ಇದನ್ನು ಯಾರೂ ಗಮನಿಸುವುದಿಲ್ಲ. ಬೋರ್ಡಿನ ಒಂದು ಸಂಪರ್ಕದಲ್ಲಿ 20 ಮಿಲಿಓಮ್ ರೋಧ ಇದೆ ಎಂದಿಟ್ಟುಕೊಳ್ಳಿ. ಸ್ಪೀಕರಿನ 0.37 ಆಂಪ್ ಅದರಲ್ಲಿ ಹರಿದಾಗ 7 ಮಿಲಿವೋಲ್ಟ್ ಹುಟ್ಟುತ್ತದೆ. ನಿಮ್ಮ ಮೈಕ್ ಸಿಗ್ನಲ್ ಬಹುಶಃ ಅದಕ್ಕಿಂತ ಚಿಕ್ಕದು! ಸ್ಪೀಕರಿನ ವಾಪಸ್ ವೈರನ್ನು ಬ್ಯಾಟರಿಯ ಮೈನಸ್ ಬಂದು ಸೇರುವ ತೂತಿನ ಪಕ್ಕಕ್ಕೇ ತನ್ನಿ. ಪ್ರೀಆಂಪಿನ ಗ್ರೌಂಡ್‌ಗಳೆಲ್ಲ ಒಂದು ಸಾಲಿನಲ್ಲಿ ಸೇರಿ ಅಲ್ಲಿಂದ ಒಂದೇ ವೈರಿನಲ್ಲಿ ಅದೇ ಜಾಗಕ್ಕೆ ಹೋಗಲಿ. ಸ್ಪೀಕರಿನ ಕರೆಂಟ್ ಪ್ರೀಆಂಪಿನ ಗ್ರೌಂಡ್ ಹಾದಿಯಲ್ಲಿ ಒಂದಿಂಚೂ ಹರಿಯಬಾರದು.

ಪ್ರಶ್ನೆ: ಆಪ್‌ಆಂಪ್ (ಆಂಪ್ಲಿಫೈಯರ್ ಐಸಿಯ ಒಂದು ಬಗೆ) ಟಿಎಲ್072 ಅನ್ನು ಒಂದೇ 9 ವೋಲ್ಟ್ ಬ್ಯಾಟರಿಯಲ್ಲಿ ನಡೆಸುತ್ತಿದ್ದೇನೆ. ಔಟ್‌ಪುಟ್ ಮೇಲಿನ ತುದಿಗೆ ಅಂಟಿಕೊಂಡಿದೆ.

ಉತ್ತರ: ಇನ್‌ಪುಟ್‌ಗೆ ಅರ್ಧ ಸರಬರಾಜಿನ ಆಸರೆ ಬೇಕು. ಎರಡು 10ಕೆ ರೆಸಿಸ್ಟರಿನಿಂದ 9 ವೋಲ್ಟನ್ನು ಸೀಳಿ, ನಡುವಿನ ಬಿಂದುವಿನಿಂದ ಗ್ರೌಂಡ್‌ಗೆ 47 ಮೈಕ್ರೋಫ್ಯಾರಡ್ ಹಾಕಿ. ಆ 4.5 ವೋಲ್ಟ್ ಬಿಂದುವಿನಿಂದ 100ಕೆ ಮೂಲಕ ಕಾಲು 3ಕ್ಕೆ. ಸಿಗ್ನಲ್ ಕೂಡ 1 ಮೈಕ್ರೋಫ್ಯಾರಡ್ ಮೂಲಕ ಕಾಲು 3ಕ್ಕೇ. ಕಾಲು 1ರಿಂದ ಕಾಲು 2ಕ್ಕೆ 100ಕೆ, ಕಾಲು 2ರಿಂದ 10ಕೆ ಮತ್ತು 10 ಮೈಕ್ರೋಫ್ಯಾರಡ್ ಸರಣಿಯಲ್ಲಿ ಗ್ರೌಂಡ್‌ಗೆ. ಗೇನ್ 11.

ಔಟ್‌ಪುಟ್ ಮೇಲೆ ಅಂಟಿಕೊಂಡಿರುವುದರಿಂದ ಕೊನೆಯ 10 ಮೈಕ್ರೋಫ್ಯಾರಡ್ ಬಿಟ್ಟುಹೋಗಿದೆ ಎಂದೇ ನಮ್ಮ ಊಹೆ. ಅದಿಲ್ಲದಿದ್ದರೆ 4.5 ವೋಲ್ಟ್ ಡಿಸಿಯೂ 11 ಪಟ್ಟಾಗಲು ಹೊರಟು ತುದಿಗೆ ಬಡಿಯುತ್ತದೆ. ಅದು ಇದ್ದೂ ಅಂಟಿಕೊಂಡಿದ್ದರೆ ಕಾಲು 3ರ 100ಕೆ ಸರಿಯಾದ ಸಾಲಿನಲ್ಲಿಲ್ಲ. ಎಲ್ಲ ಸರಿಯಿದ್ದಾಗ ಕಾಲು 1, 2 ಎರಡೂ 4.5ರ ಹತ್ತಿರ ಇರುತ್ತವೆ. ಕಾಲು 3ನ್ನು ನೇರವಾಗಿ ಅಳೆದರೆ ಮೀಟರೇ 100ಕೆ ಮೇಲೆ ಸ್ವಲ್ಪ ಭಾರ ಹಾಕುವುದರಿಂದ ಅಂಕಿ ತುಸು ಕಡಿಮೆ ಕಂಡೀತು, ಗಾಬರಿ ಬೇಡ. ಈ ಐಸಿಯೊಳಗಿನ ಎರಡು ಆಪ್‌ಆಂಪ್‌ಗಳಲ್ಲಿ ಬಳಸದ ಇನ್ನೊಂದನ್ನು ತೇಲಲು ಬಿಡಬೇಡಿ. ಕಾಲು 6 ಮತ್ತು 7 ಸೇರಿಸಿ, ಕಾಲು 5ನ್ನು 4.5 ವೋಲ್ಟ್ ಬಿಂದುವಿಗೆ ಕೊಡಿ.

ಟಿಎಲ್072 ಬದಲು ಎಲ್‌ಎಂ358 ಹಾಕಿದವರಿಗೆ ಒಂದು ಮಾತು. ಅದರ ಔಟ್‌ಪುಟ್ ಹಂತ ಕರೆಂಟ್ ಕೊಡುವುದರಿಂದ ಎಳೆಯುವುದಕ್ಕೆ ಬದಲಾಗುವಾಗ ಮೆಲುದನಿಯಲ್ಲಿ ಒಡಕು ಕೇಳಿಸುತ್ತದೆ. ಔಟ್‌ಪುಟ್‌ನಿಂದ ಗ್ರೌಂಡ್‌ಗೆ 4.7ಕೆ ಹಾಕಿದರೆ ಬಹುಮಟ್ಟಿಗೆ ಹೋಗುತ್ತದೆ.

ಪ್ರಶ್ನೆ: ಇನ್‌ಪುಟ್ ವೈರನ್ನು ಬೆರಳಿನಿಂದ ಮುಟ್ಟಿದರೆ ಗುಂಯ್ ಎನ್ನುತ್ತದೆ. ಇದು ದೋಷವೇ?

ಉತ್ತರ: ಅಲ್ಲ. ಮನೆಯ ವಿದ್ಯುತ್ ವೈರುಗಳ ಹಮ್ಮನ್ನು ನಿಮ್ಮ ಮೈ ಹಿಡಿದು ಕೊಡುತ್ತಿದೆ. ಆಂಪ್ಲಿಫೈಯರ್ ಜೀವಂತವಾಗಿದೆ ಎನ್ನಲು ಇದೇ ಅತಿ ಸುಲಭದ ಪರೀಕ್ಷೆ, ಬ್ಯಾಟರಿಯಲ್ಲಿ ನಡೆಯುವ ಸರ್ಕ್ಯೂಟಿನಲ್ಲಿ ಮಾತ್ರ ಮಾಡಿ. ಮುಟ್ಟದಿದ್ದಾಗಲೂ ಗುಂಯ್ ಎಂದರೆ ಶೀಲ್ಡ್ ಇರುವ ವೈರ್ ಹಾಕಿ, ಶೀಲ್ಡನ್ನು ಪ್ರೀಆಂಪಿನ ಗ್ರೌಂಡ್ ಸಾಲಿಗೆ ಕೊಡಿ.

ಪ್ರಶ್ನೆ: ಫೋನ್ ಕೊಟ್ಟಾಗ ಚೆನ್ನಾಗಿರುವ ಗೇನ್ 160ರ ಸರ್ಕ್ಯೂಟ್, ಬೇರೊಂದು ಮೂಲದಿಂದ ಸಿಗ್ನಲ್ ಕೊಟ್ಟಾಗ ಮಂದವಾಗಿ, ತೀಕ್ಷ್ಣ ಸ್ವರಗಳಿಲ್ಲದೆ ಕೇಳುತ್ತದೆ.

ಉತ್ತರ: ಆ ಮೂಲದ ರೋಧ ಹೆಚ್ಚಿರಬೇಕು. ಬ್ರೆಡ್‌ಬೋರ್ಡಿನ ಅಕ್ಕಪಕ್ಕದ ಸಾಲುಗಳ ನಡುವೆ ಕೆಲವು ಪಿಕೋಫ್ಯಾರಡ್ ಕೆಪಾಸಿಟೆನ್ಸ್ ತಾನಾಗಿ ಇರುತ್ತದೆ. ಬಿಸಿ547ರಲ್ಲಿ ಬೇಸ್ ಮತ್ತು ಕಲೆಕ್ಟರ್ ಅಕ್ಕಪಕ್ಕ. ಅಲ್ಲಿ 5 ಪಿಕೋಫ್ಯಾರಡ್ ಇದ್ದರೆ ಗೇನ್ 160 ಅದನ್ನು ಬೇಸ್ ಕಡೆಯಿಂದ 800 ಪಿಕೋಫ್ಯಾರಡ್‌ನಂತೆ ಕಾಣಿಸುತ್ತದೆ. ಬೇಸ್‌ನಿಂದ ಹಿಂದಕ್ಕೆ 10ಕೆ ರೋಧ ಕಂಡರೆ 20 ಕಿಲೋಹರ್ಟ್ಸ್‌ನಲ್ಲೇ ಕಡಿತ ಶುರುವಾಗುತ್ತದೆ, ಟ್ರಾನ್ಸಿಸ್ಟರಿನ ಒಳಗಿನದೂ ಸೇರಿದರೆ ಇನ್ನೂ ಕೆಳಗೆ. ಜೊತೆಗೆ ಎಮಿಟರ್ ಪೂರ್ತಿ ಬೈಪಾಸ್ ಆಗಿರುವಾಗ (1ಕೆಗೆ ಸಮಾನಾಂತರವಾಗಿ ಕೆಪಾಸಿಟರ್ ಮಾತ್ರ ಇರುವಾಗ) ಇನ್‌ಪುಟ್ ರೋಧ 4ಕೆ ಹತ್ತಿರಕ್ಕೆ ಇಳಿದು ಸಿಗ್ನಲ್ ಕೂಡ ಕುಗ್ಗುತ್ತದೆ. ಟ್ರಾನ್ಸಿಸ್ಟರಿನ ಕಾಲುಗಳನ್ನು ಅಗಲಿಸಿ ನಡುವೆ ಒಂದೊಂದು ಖಾಲಿ ಸಾಲು ಬಿಡಿ, ಆ ಖಾಲಿ ಸಾಲುಗಳನ್ನು ಗ್ರೌಂಡ್‌ಗೆ ಸೇರಿಸಿದರೆ ಇನ್ನೂ ಉತ್ತಮ. ಗೇನನ್ನು 39ಕ್ಕೆ ಇಳಿಸಿ, ಉಳಿದದ್ದನ್ನು ಮುಂದಿನ ಹಂತಕ್ಕೆ ಬಿಡಿ.

ಪ್ರಶ್ನೆ: ಟಿಡಿಎ2030 ಐಸಿಯ 14 ವಾಟ್ ಆಂಪ್ಲಿಫೈಯರನ್ನು ಬ್ರೆಡ್‌ಬೋರ್ಡ್ ಮೇಲೆ ಕಟ್ಟಿ ನೋಡಬಹುದೇ? ಟ್ರಾನ್ಸ್‌ಫಾರ್ಮರ್ ಕೂಡ ಇದೆ.

ಉತ್ತರ: ಬೇಡ. ಅದರ ಐದು ಕಾಲುಗಳ ಅಂತರ 1.7 ಮಿಲಿಮೀಟರ್, ಬೋರ್ಡಿನ ತೂತುಗಳದ್ದು 2.54; ಬಗ್ಗಿಸಿ ತುರುಕಿದರೆ ಕಾಲು ಬುಡದಲ್ಲಿ ಮುರಿಯುತ್ತದೆ. ಅದಕ್ಕಿಂತ ಮುಖ್ಯ ಕರೆಂಟ್. 4 ಓಮ್ ಸ್ಪೀಕರಿಗೆ 14 ವಾಟ್ ಎಂದರೆ ಪೀಕ್‌ನಲ್ಲಿ 2.6 ಆಂಪ್. ಬ್ರೆಡ್‌ಬೋರ್ಡಿನ ಸ್ಪ್ರಿಂಗ್‌ಗಳು 1 ಆಂಪಿನ ಮೇಲೆ ನಂಬಿಕೆಯವಲ್ಲ, ಬಿಸಿಯಾಗಿ ಸಡಿಲವಾಗುತ್ತವೆ, ಪ್ಲಾಸ್ಟಿಕ್ ಕರಗುತ್ತದೆ. ಜೊತೆಗೆ ಐಸಿಗೆ ಹೀಟ್‌ಸಿಂಕ್ ಬೇಕು. ಅದರ ಲೋಹದ ಬೆನ್ನು ಕಾಲು 3ಕ್ಕೆ, ಎಂದರೆ ಮೈನಸ್ ಸರಬರಾಜಿಗೆ ಸೇರಿದೆ. ಎರಡು ಕಡೆಯ (ಗ್ರೌಂಡ್‌ಗೆ ಹೋಲಿಸಿ ಪ್ಲಸ್, ಮೈನಸ್ ಎರಡೂ ಇರುವ) ಸರಬರಾಜಿನಲ್ಲಿ ಹೀಟ್‌ಸಿಂಕ್ ಗ್ರೌಂಡ್‌ಗೆ ತಾಗಿದರೆ ಶಾರ್ಟ್.

ಇದನ್ನು ಬೆಸುಗೆ ಹಾಕುವ ಬೋರ್ಡಿನ ಮೇಲೆಯೇ ಕಟ್ಟಿ. ಅದರ ಮುಂದಿನ ಪ್ರೀಆಂಪ್, ಟೋನ್ ಕಂಟ್ರೋಲ್ ಇವನ್ನು ಬ್ರೆಡ್‌ಬೋರ್ಡಿನಲ್ಲಿ ಸಿದ್ಧಮಾಡಿಕೊಳ್ಳಬಹುದು. ಟ್ರಾನ್ಸ್‌ಫಾರ್ಮರಿನ ಪ್ರೈಮರಿ ವೈರ್ ಯಾವ ಕಾರಣಕ್ಕೂ ಬ್ರೆಡ್‌ಬೋರ್ಡಿನ ಹತ್ತಿರ ಸುಳಿಯಬಾರದು. ಅದು ಫ್ಯೂಸ್ ಮತ್ತು ಸ್ವಿಚ್ ಸಮೇತ ಮುಚ್ಚಿದ ಪೆಟ್ಟಿಗೆಯೊಳಗೇ ಇರಬೇಕು. ಮೊದಲ ಸಲ ಪವರ್ ಕೊಡುವಾಗ ಸ್ಪೀಕರ್ ಬಿಚ್ಚಿಟ್ಟು ಔಟ್‌ಪುಟ್‌ನ ಡಿಸಿ ಅಳೆಯಿರಿ. ಎರಡು ಕಡೆಯ ಸರಬರಾಜಾದರೆ ಅದು ಸೊನ್ನೆಯಿಂದ ಕೆಲವು ಹತ್ತು ಮಿಲಿವೋಲ್ಟ್ ಒಳಗಿರಬೇಕು. ಒಂದು ವೋಲ್ಟ್ ಕಂಡರೂ ಸ್ಪೀಕರ್ ಸೇರಿಸಬೇಡಿ.